ಕಡಲೆಕಾಯಿ ಹುಳುವಿಗೆ ನಾನಿಟ್ಟ ತಪ್ಪು ಹೆಸರು

ಹೋದ ವರ್ಷ ಜನವರಿಯ ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ, ಕೋವಳಂ ಹತ್ತಿರದ ಮುಟ್ಟುಕಾಡು ಅಳಿವೆಯ ಮರಳದಿಣ್ಣೆಯಲ್ಲಿ ನನ್ನ ಮಗಳು ಒಂದು ಹುಳು ಹಿಡಿದಳು. ಹಿಡಿದಳು ಅನ್ನುವುದಕ್ಕಿಂತ ಅವಳ ಪ್ಲಾಸ್ಟಿಕ್ ಸಲಿಕೆಗೆ ಅದು ಸಿಕ್ಕಿತು. ಬೆರಳುದ್ದದ, ತಿಳಿ ಗುಲಾಬಿ ಬಣ್ಣದ, ಮೈಮೇಲೆ ಬೂದಿ ಮೆತ್ತಿದಂತಿದ್ದ ಜೀವಿ. ಒಂದು ತುದಿಯಿಂದ ಸಣ್ಣ ಸೊಂಡಿಲು ಹೊರಬಂತು, ಏನನ್ನೋ ಹುಡುಕಿತು. ಮಗಳು ಮುಟ್ಟಿದ್ದೇ ತಡ, ಕಾಲುಚೀಲವನ್ನು ಒಳಮಗ್ಗುಲು ಮಾಡಿ ಎಳೆದಂತೆ ಪೂರ್ತಿ ಒಳಗೆ ಹೋಯಿತು. ಉಳಿದದ್ದು ದುಂಡನೆಯ, ಬಿಗಿಯಾದ ಒಂದು ಗಂಟು. ‘ಅಪ್ಪಾ, ಶೇಂಗಾ ಥರ ಆಯ್ತು’ ಅಂದಳು.

ಎಂಟು ವರ್ಷದ ಹುಡುಗಿ ಹೇಳಿದ್ದು ಸರಿಯಾಗಿತ್ತು. ಸೈಪಂಕ್ಯುಲಾ ಎಂಬ ಗುಂಪಿನ ಈ ಜೀವಿಗಳನ್ನು ಜಗತ್ತು ಕರೆಯುವುದೇ ಕಡಲೆಕಾಯಿ ಹುಳು ಎಂದು. ಗಾಬರಿಯಾದಾಗ ಮೈ ಮುದುಡಿಕೊಂಡ ರೂಪಕ್ಕೆ ಬಂದ ಹೆಸರದು. ತಪ್ಪು ಮಾಡಿದವನು ಎಂಟೆಕ್ ಮಾಡಿದ ಅಪ್ಪ.

ನಾನು ಕುಮಟಾ ಕಡೆಯವನು. ಚೆನ್ನೈಗೆ ಬಂದು ಒಂಬತ್ತು ವರ್ಷವಾಯಿತು. ಶೋಳಿಂಗನಲ್ಲೂರಿನ ಗಾಜಿನ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಕೂತು, ಕಾರ್ಖಾನೆಯ ಬಿಡಿಭಾಗಗಳ ಫೋಟೊ ನೋಡಿ ‘ಇದು ಸರಿ, ಇದು ದೋಷ’ ಎಂದು ಹೇಳುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಕಿಟಕಿಯಿಂದ ಬಕಿಂಗ್‌ಹ್ಯಾಂ ಕಾಲುವೆ, ಅದರಾಚೆ ಒಂದು ಎಳೆ ಸಮುದ್ರ ಕಾಣುತ್ತದೆ. ಊರಿನ ಸಮುದ್ರ ಮನೆಯ ಹಿಂದೆಯೇ ಇದ್ದಾಗ ನಾನದನ್ನು ನೋಡಿದ್ದು ಕಡಿಮೆ. ಇಲ್ಲಿಗೆ ಬಂದ ಮೇಲೆ ಭಾನುವಾರದ ಬೆಳಗಿನ ಅಭ್ಯಾಸವಾಗಿಬಿಟ್ಟಿತು. ಇಲ್ಲಿಯ ಉಬ್ಬರ ಇಳಿತ ನಮ್ಮ ಕಡೆಗಿಂತ ಸಣ್ಣದು. ಅಮಾವಾಸ್ಯೆ, ಹುಣ್ಣಿಮೆಯಲ್ಲೂ ಒಂದು ಮೀಟರಿನ ಆಸುಪಾಸು ಅಷ್ಟೇ. ಹಾಗಾಗಿ ನೀರು ಬಿಟ್ಟುಕೊಡುವ ಜಾಗ ಸ್ವಲ್ಪ, ಹೊತ್ತೂ ಸ್ವಲ್ಪ. ಬೇಗ ಎದ್ದವನಿಗೆ ಮಾತ್ರ ಏನಾದರೂ ಸಿಗುತ್ತದೆ.

ಹುಳುವಿನ ನಾಲ್ಕು ಫೋಟೊ ತೆಗೆದೆ. ಮಗಳು ಅದನ್ನು ಒದ್ದೆ ಮರಳಿಗೇ ಬಿಟ್ಟಳು, ಎರಡು ನಿಮಿಷದಲ್ಲಿ ಅದು ಕೊರೆದುಕೊಂಡು ಕೆಳಗಿಳಿಯಿತು. ಪ್ರಕೃತಿ ವೀಕ್ಷಕರು ಬಳಸುವ ಒಂದು ಆ್ಯಪ್‌ಗೆ ಫೋಟೊ ಏರಿಸಿದೆ. ಅದರೊಳಗಿನ ಯಂತ್ರ ಒಂದು ಹೆಸರು ಸೂಚಿಸಿತು: ಸೈಪಂಕ್ಯುಲಸ್ ನ್ಯೂಡಸ್. 1766ರಲ್ಲಿ ಲಿನೇಯಸ್ ಇಟ್ಟ ಹೆಸರು, ಅರ್ಥ ‘ಬೆತ್ತಲೆ ಕೊಳವೆ’. ಕೇಳಲು ಚೆನ್ನಾಗಿತ್ತು, ಒತ್ತಿದೆ. ಮರುವಾರ ನೋಡಿದರೆ ಎಲ್ಲಿಯವರೋ ಇಬ್ಬರು ‘ಹೌದು’ ಎಂದು ಒಪ್ಪಿದ್ದರು. ಆ ಒಪ್ಪಿಗೆಯ ಬಲದಲ್ಲಿ ನನ್ನ ದಾಖಲೆ ಜಗತ್ತಿನ ವಿಜ್ಞಾನಿಗಳು ಬಳಸುವ ದತ್ತಾಂಶ ಭಂಡಾರಕ್ಕೂ ಹೋಯಿತು. ಬಂಗಾಳ ಕೊಲ್ಲಿಯ ಅಂಚಿನಲ್ಲಿ, ಚೆನ್ನೈನ ತುಸು ದಕ್ಷಿಣಕ್ಕೆ ಒಂದು ಚುಕ್ಕೆ. ಅದು ನನ್ನದು. ಹೆಂಡತಿಗೆ ತೋರಿಸಿದೆ, ಆಫೀಸಿನಲ್ಲಿ ತೋರಿಸಿದೆ, ಅಮ್ಮನಿಗೂ ಕಳಿಸಿದೆ. ‘ತಮ್ಮಾ, ಹುಳಕ್ಕೆ ಎಂತಾ ಹೆಸ್ರ ಮಾರಾಯಾ, ಹುಳ ಅಂದ್ರೆ ಹುಳ’ ಅಂದರು ಅಮ್ಮ. ಆಗ ನಕ್ಕಿದ್ದೆ.

ಆರೇಳು ತಿಂಗಳ ನಂತರ ಎಲಿಯಟ್ಸ್ ಬೀಚಿನ ಒಂದು ಭಾನುವಾರದ ನಡಿಗೆಯಲ್ಲಿ ಒಬ್ಬ ಹಿರಿಯರ ಪರಿಚಯವಾಯಿತು. ನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ತಿರುವಾನ್ಮಿಯೂರಿನಲ್ಲಿ ಮನೆ. ಎಲ್ಲರೂ ಅವರನ್ನು ‘ಸಾರ್’ ಅನ್ನುತ್ತಾರೆ, ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಹುಳುವಿನ ಮಾತು ಬಂತು. ಹೆಮ್ಮೆಯಿಂದ ಫೋನ್ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು, ದೊಡ್ಡದು ಮಾಡಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಹೊಟ್ಟೆಯೊಳಗೆ ನೋಡಿದ್ದೀಯಾ?’

ಇಲ್ಲ ಎಂದೆ. ‘ಹಾಗಾದರೆ ಇದು ನ್ಯೂಡಸ್ ಅಂತ ನಿನಗೆ ಹೇಳಿದ್ದು ಯಾರು?’

ಯಂತ್ರ ಎಂದು ಹೇಳಲು ನಾಚಿಕೆಯಾಯಿತು. ಅದೂ ಆ ತರಹದ ಯಂತ್ರಗಳನ್ನೇ ಮಾಡಿ ಹೊಟ್ಟೆ ಹೊರೆಯುವವನಿಗೆ.

ಈ ಹುಳುಗಳ ತೊಂದರೆ ಏನೆಂದರೆ, ಹೊರಗಿನಿಂದ ಅವುಗಳ ಬಗ್ಗೆ ಹೇಳಬಹುದಾದ್ದು ಬಹಳ ಕಡಿಮೆ. ಕಾಲಿಲ್ಲ, ಕಣ್ಣು ಕಾಣುವುದಿಲ್ಲ, ಎರೆಹುಳುವಿನ ಮೈಯಲ್ಲಿರುವಂತೆ ಉಂಗುರ ಉಂಗುರದ ಭಾಗಗಳಿಲ್ಲ, ಬಿರುಗೂದಲಿಲ್ಲ. ಒಂದು ಚೀಲ, ಅದಕ್ಕೊಂದು ಒಳಗೆಳೆದುಕೊಳ್ಳುವ ಸೊಂಡಿಲು, ಸೊಂಡಿಲ ತುದಿಯಲ್ಲಿ ಬಾಯಿ ಮತ್ತು ಪುಟ್ಟ ಕರಬಳ್ಳಿಗಳು. ಕರುಳು ಕೆಳಗಿನ ತುದಿಯವರೆಗೆ ಹೋಗಿ, ಹಗ್ಗ ಹೊಸೆದಂತೆ ಸುರುಳಿ ಸುತ್ತಿಕೊಂಡೇ ವಾಪಸು ಬರುತ್ತದೆ. ಗುದದ್ವಾರ ಇರುವುದು ಹಿಂದಿನ ತುದಿಯಲ್ಲಲ್ಲ, ಬೆನ್ನಿನ ಮೇಲೆ, ಸೊಂಡಿಲು ಶುರುವಾಗುವ ಜಾಗದ ಹತ್ತಿರ. ತಲೆ ಮೇಲೆ ಮಾಡಿ ಬಿಲದಲ್ಲಿ ಕೂತವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು! ಮರಳು, ಕೆಸರು ನುಂಗಿ ಅದರಲ್ಲಿರುವ ಸಾವಯವ ಚೂರುಗಳನ್ನು ಜೀರ್ಣಿಸಿಕೊಂಡು ಉಳಿದದ್ದನ್ನು ಬಿಡುತ್ತವೆ. ಉಳಿದ ಕೆಲವು ಜಾತಿಗಳು ಸತ್ತ ಹವಳದ ಕಲ್ಲನ್ನು ಕೊರೆದು ಒಳಗಿರುತ್ತವೆ, ಕೆಲವು ಖಾಲಿ ಶಂಖದಲ್ಲಿ ಬಾಡಿಗೆಗಿರುತ್ತವೆ. ಆ ಗುಲಾಬಿ ಛಾಯೆಗೆ ಕಾರಣ ಹೀಮೆರಿತ್ರಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನಂತೆ ಕಬ್ಬಿಣದ ಅಂಶವಿರುವ, ಆದರೆ ಬೇರೆಯೇ ರಚನೆಯ ವಸ್ತು. ಆಮ್ಲಜನಕ ಹಿಡಿದಾಗ ನೇರಳೆ ಮಿಶ್ರಿತ ಗುಲಾಬಿ, ಬಿಟ್ಟಾಗ ಬಣ್ಣವೇ ಇಲ್ಲ.

ಇಂಥ ಸರಳ ಮೈಯಿಂದಾಗಿ ಇವುಗಳ ಎಣಿಕೆಯೇ ಏರುಪೇರಾಗಿದೆ. 1972ರಲ್ಲಿ ಸ್ಟೀಫನ್ ಮತ್ತು ಎಡ್ಮಂಡ್ಸ್ ಬರೆದ ಗ್ರಂಥದ ಕಾಲಕ್ಕೆ ಮುನ್ನೂರಕ್ಕೂ ಹೆಚ್ಚು ಜಾತಿಗಳಿದ್ದವು. 1994ರಲ್ಲಿ ಎಡ್ವರ್ಡ್ ಕಟ್ಲರ್ ಎಲ್ಲವನ್ನೂ ಮತ್ತೆ ಪರೀಕ್ಷಿಸಿ, ಒಂದೇ ಹುಳುವಿಗೆ ಬೇರೆ ಬೇರೆ ಊರಿನವರು ಇಟ್ಟ ಹೆಸರುಗಳನ್ನು ಕೂಡಿಸಿ ನೂರೈವತ್ತರ ಹತ್ತಿರಕ್ಕೆ ಇಳಿಸಿದರು. ನಂತರ ಡಿಎನ್ಎ ಬಂತು. ಪ್ರತ್ಯೇಕ ವಂಶವೆಂದು ಪಠ್ಯಪುಸ್ತಕದಲ್ಲಿದ್ದ ಇವು ಎರೆಹುಳು, ಜಿಗಣೆಗಳ ವಲಯವಂತ ಕುಟುಂಬದೊಳಗೇ ಹುಟ್ಟಿ, ಮೈಯ ಉಂಗುರಗಳನ್ನು ಕಳೆದುಕೊಂಡವು ಎಂಬ ತೀರ್ಮಾನ ಗಟ್ಟಿಯಾಯಿತು. ಕಳೆದುಕೊಂಡದ್ದು ಇತ್ತೀಚೆಗೇನಲ್ಲ. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಸಿಕ್ಕಿರುವ, ಸುಮಾರು 52 ಕೋಟಿ ವರ್ಷ ಹಿಂದಿನ ಪಳೆಯುಳಿಕೆಗಳಲ್ಲೂ ಇದೇ ಚೀಲ, ಇದೇ ಸೊಂಡಿಲು.

ನನ್ನ ಮಟ್ಟಿಗೆ ಪೆಟ್ಟು ಕೊಟ್ಟದ್ದು 2014ರ ಒಂದು ಪ್ರಬಂಧ. ಗಿಸೆಲ್ ಕವೌಚಿ ಮತ್ತು ಗೊನ್ಸಾಲೊ ಗಿರಿಬೆಟ್ ಜಗತ್ತಿನ ಹಲವು ಕರಾವಳಿಗಳ ‘ಸೈಪಂಕ್ಯುಲಸ್ ನ್ಯೂಡಸ್’ ಹುಳುಗಳ ಡಿಎನ್ಎ ಹೋಲಿಸಿ ನೋಡಿದರು. ಎಲ್ಲ ಕಡಲಲ್ಲೂ ಇರುವ ಒಂದೇ ಜಾತಿ ಎಂದು ಎರಡೂವರೆ ಶತಮಾನ ನಂಬಿದ್ದು ಹಲವು ಬೇರೆ ಬೇರೆ ಕವಲುಗಳಾಗಿ ಒಡೆಯಿತು. ಅಂದರೆ ನನ್ನದು ಸೈಪಂಕ್ಯುಲಸ್ಸೇ ಆಗಿದ್ದರೂ ಯುರೋಪಿನ ಹುಳುವಿನ ಹೆಸರನ್ನು ಕೋವಳಂ ಹುಳುವಿಗೆ ಅಂಟಿಸುವುದು ಅನುಮಾನದ ಕೆಲಸ. ಸೈಪಂಕ್ಯುಲಸ್ಸೇ ಅಲ್ಲದಿದ್ದರೆ?

‘ನೋಡೋಣ, ಬಾ’ ಎಂದರು ಸಾರ್.

ಅಕ್ಟೋಬರಿನ ಒಂದು ಶನಿವಾರ ಅವರಿಂದ ಫೋನ್ ಬಂತು. ಮುಟ್ಟುಕಾಡಿನಲ್ಲಿ ಗಾಳಕ್ಕೆಂದು ಹುಳು ಅಗೆಯುವ ಒಬ್ಬರು ಅವರ ಹಳೆಯ ಪರಿಚಯ. ಅವರ ಬಕೆಟ್ಟಿನಲ್ಲಿ ಮೀನಿನ ಹುಳುಗಳ ಜೊತೆ ನಮ್ಮ ಹುಳುವಿನಂಥದೇ ಒಂದು ಬಂದು ಸತ್ತುಹೋಗಿತ್ತು. ಅದೇ ದಿಣ್ಣೆ. ಮಗಳೂ ಬಂದಳು. ದಾರಿಯಲ್ಲಿ ‘ಅದು ನಾವು ಬಿಟ್ಟಿದ್ದೇನಾ ಅಪ್ಪಾ?’ ಎಂದು ಎರಡು ಸಲ ಕೇಳಿದಳು. ಅಲ್ಲ ಎಂದೆ. ಹೇಗೆ ಗೊತ್ತು ಎಂದಳು. ಉತ್ತರವಿರಲಿಲ್ಲ.

ಸಾರ್ ಮನೆಯ ಊಟದ ಮೇಜಿನ ಮೇಲೆ ಮೇಣ ಹೊಯ್ದ ತಟ್ಟೆ, ಗುಂಡುಸೂಜಿ, ಸಣ್ಣ ಕತ್ತರಿ, ಕಾಲೇಜಿನಲ್ಲಿ ಹರಾಜಾದಾಗ ಕೊಂಡ ಹಳೆಯ ಸೂಕ್ಷ್ಮದರ್ಶಕ. ಶುರುವಿನಲ್ಲೇ ಒಂದು ಎಚ್ಚರಿಕೆ ಹೇಳಿದರು. ಮರಳಲ್ಲಿ ಸಿಗುವ ಕೊಳವೆಯಂಥದ್ದೆಲ್ಲ ಕಡಲೆಕಾಯಿ ಹುಳುವಲ್ಲ. ಕಡಲಸೌತೆಯ ಮರಿಯೂ ಇದೇ ಥರ ಕಾಣಬಹುದು, ಕಡಲಸೌತೆಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ತಿಳಿಯದೆ ಡಬ್ಬಿಗೆ ಹಾಕಿಕೊಂಡು ಬಂದರೂ ತಪ್ಪು ತಪ್ಪೇ. ಮೊದಲು ಮುಟ್ಟಿ ನೋಡು: ಕೊಳವೆಪಾದಗಳಿವೆಯೇ, ಚರ್ಮ ಬೆರಳಿಗೆ ಕೊಕ್ಕೆಯಂತೆ ಅಂಟುತ್ತದೆಯೇ? ಇದ್ದರೆ ಅಲ್ಲೇ ಬಿಡು. ಚಮಚೆ ಹುಳು ಎಂಬ ಇನ್ನೊಂದಿದೆ, ಅದರ ಸೊಂಡಿಲು ಮೈಯೊಳಗೆ ಹೋಗುವುದಿಲ್ಲ. ಒಳಮಗ್ಗುಲಾಗಿ ಪೂರ್ತಿ ಹೋಗುವುದೇ ಇದರ ಗುರುತು. ಮಗಳು ಮೊದಲ ದಿನವೇ ನೋಡಿದ್ದು ಅದನ್ನೇ.

ಹುಳುವನ್ನು ಜೀವಂತ ಸ್ಪಿರಿಟ್ಟಿಗೆ ಹಾಕಿದರೆ ಸೊಂಡಿಲನ್ನು ಒಳಗೆಳೆದುಕೊಂಡು ಕಲ್ಲಾಗಿಬಿಡುತ್ತದೆಯಂತೆ. ಆಮೇಲೆ ಯಾವ ಪಂಡಿತನಿಗೂ ಕೊಟ್ಟು ಪ್ರಯೋಜನವಿಲ್ಲ. ಅದಕ್ಕೇ ಸಮುದ್ರದ ನೀರಿನಲ್ಲಿಟ್ಟು, ಹನಿ ಹನಿಯಾಗಿ ಆಲ್ಕೋಹಾಲ್ ಸೇರಿಸಿಯೋ ಮೆಗ್ನೀಷಿಯಂ ಕ್ಲೋರೈಡ್ ಹಾಕಿಯೋ ನಿಧಾನವಾಗಿ ಮಂಪರು ಬರಿಸಬೇಕು. ನಮ್ಮದು ಸೊಂಡಿಲು ಅರ್ಧ ಚಾಚಿಕೊಂಡೇ ಸತ್ತಿತ್ತು. ಡಿಎನ್ಎಗೆಂದು ಚರ್ಮದ ಒಂದು ಚೂರನ್ನು ಮೊದಲೇ ಕತ್ತರಿಸಿ ಬೇರೆ ಶೀಶೆಯ ಆಲ್ಕೋಹಾಲಿಗೆ ಹಾಕಿದರು. ಫಾರ್ಮಲಿನ್ ಮುಟ್ಟಿದರೆ ಡಿಎನ್ಎ ಕೆಡುತ್ತದೆ.

ನಂತರ ಸೊಂಡಿಲ ಚರ್ಮ ಸೂಕ್ಷ್ಮದರ್ಶಕದ ಕೆಳಗೆ. ಕೊಕ್ಕೆಗಳಿವೆಯೇ, ಇದ್ದರೆ ಸಾಲುಸಾಲು ಉಂಗುರಗಳಲ್ಲಿವೆಯೇ ಅಥವಾ ಚೆಲ್ಲಾಪಿಲ್ಲಿಯೇ? ಕಲ್ಲುಸಂದಿಯ ಫ್ಯಾಸ್ಕೊಲೊಸೋಮಾಗಳಲ್ಲಿ ಸಾಮಾನ್ಯವಾಗಿ ಕೊಕ್ಕೆಗಳ ಉಂಗುರಗಳಿರುತ್ತವೆ. ಆಸ್ಪಿಡೊಸೈಫನ್‌ಗಳಿಗೆ ಮೈಯ ಮುಂತುದಿಯಲ್ಲಿ ಬಿಲಕ್ಕೆ ಬಾಗಿಲು ಹಾಕಿದಂತೆ ಗಟ್ಟಿಯಾದ ಗುರಾಣಿ. ಸೈಪಂಕ್ಯುಲಸ್ ಆಗಿದ್ದರೆ ಸೊಂಡಿಲ ಮೇಲೆ ಹಿಮ್ಮುಖವಾಗಿ ಮಲಗಿದ ತ್ರಿಕೋನದ, ಮೀನಿನ ಹುರುಪೆಯಂಥ ಗುಬುಟುಗಳಿರಬೇಕು. ನಮ್ಮದರಲ್ಲಿ ಇದ್ದದ್ದು ಮೊನಚು ಗುಡ್ಡಗಳಂಥವು. ಸಾರ್ ‘ಹ್ಞಂ’ ಅಂದರು ಅಷ್ಟೇ. ನಾನು ಇನ್ನೂ ಆಸೆ ಬಿಟ್ಟಿರಲಿಲ್ಲ.

ಬೆನ್ನಿನ ಕಡೆ, ನಡುಗೆರೆಗೆ ಸ್ವಲ್ಪ ಪಕ್ಕದಲ್ಲಿ, ಗುದದ್ವಾರ ತಪ್ಪಿಸಿ ಕತ್ತರಿ ಆಡಿತು. ಮಗಳು ಮುಖ ತಿರುಗಿಸಿದಳು, ಮತ್ತೆ ತಾನೇ ತಿರುಗಿ ನೋಡಿದಳು. ಒಳಗೆ ಇಷ್ಟು ಚೆಂದ ಇರುತ್ತದೆಂದು ನಾನು ಎಣಿಸಿರಲಿಲ್ಲ. ಚರ್ಮದ ಒಳಮೈಗೆ ಉದ್ದುದ್ದ ಸ್ನಾಯುಪಟ್ಟಿಗಳು, ಪಂಚೆಯ ಅಂಚಿನ ಗೆರೆಗಳಂತೆ. ಸೊಂಡಿಲನ್ನು ಒಳಗೆಳೆಯುವ ನಾಲ್ಕು ಸ್ನಾಯುಗಳು, ನಾಲ್ಕು ಹಗ್ಗ ಕಟ್ಟಿದ ಡೇರೆಯಂತೆ. ಎರಡು ಉದ್ದನೆಯ ನೆಫ್ರೀಡಿಯಾ ಚೀಲಗಳು, ಅದರ ಮೂತ್ರಕೋಶಗಳು. ಪಟ್ಟಿಗಳನ್ನು ಎಣಿಸಲು ನನಗೆ ಹೇಳಿದರು. ಜಾತಿ ಗುರುತಿಸಲು ಆ ಸಂಖ್ಯೆ ಬೇಕು. ಮೊದಲ ಸಲ ಹತ್ತೊಂಬತ್ತು ಬಂತು, ಎರಡನೇ ಸಲ ಇಪ್ಪತ್ತೊಂದು. ಪಟ್ಟಿಗಳು ಅಲ್ಲಲ್ಲಿ ಕವಲೊಡೆದು ಕೂಡುತ್ತವೆ, ಎಲ್ಲಿ ಎಣಿಸಿದಿರಿ ಎನ್ನುವುದರ ಮೇಲೆ ಲೆಕ್ಕ. ಸಾರ್ ಎರಡನ್ನೂ ಬರೆದುಕೊಂಡರು, ಮೈಯ ನಡುಭಾಗದಲ್ಲಿ ಎಣಿಸಿದ್ದು ಎಂದೂ ಬರೆದರು.

ಕೊನೆಗೆ ಕರುಳಿನ ಸುರುಳಿಯ ನಡುವೆ ಹಾದುಹೋಗುವ, ನೂಲಿನಷ್ಟು ತೆಳುವಾದ ಕದಿರು ಸ್ನಾಯು. ಸೈಪಂಕ್ಯುಲಸ್‌ನಲ್ಲಿ ಅದು ಹಿಂದಿನ ತುದಿಗೆ ಅಂಟಿರುವುದಿಲ್ಲ. ಸೈಫನೊಸೋಮಾ ಎಂಬ ಇನ್ನೊಂದು ಕುಲದಲ್ಲಿ ಹಿಂದಿನ ಗೋಡೆಗೆ ಹೋಗಿ ಅಂಟಿರುತ್ತದೆ. ಸಾರ್ ಸೂಜಿಯಿಂದ ಮೆಲ್ಲಗೆ ಎತ್ತಿದರು. ನೂಲು ಬಿಗಿಯಾಯಿತು, ಚೀಲದ ಬುಡ ಅಲುಗಿತು.

ಮೇಜಿನ ಮೇಲಿದ್ದದ್ದು ಸೈಫನೊಸೋಮಾ. ಉಷ್ಣವಲಯದ ಮರಳಿನಲ್ಲಿ ಸಾಮಾನ್ಯವಾದ ಕುಲ. ನ್ಯೂಡಸ್ ಅಲ್ಲ, ಅದರ ಕುಲವೂ ಅಲ್ಲ.

‘ಹಾಗಾದರೆ ನನ್ನ ಫೋಟೊದ್ದೂ ಸೈಫನೊಸೋಮಾ ಎಂದು ತಿದ್ದಲೇ ಸಾರ್?’ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ನಿನ್ನ ಹುಳುವನ್ನು ನಾನು ತೆರೆದೆನಾ?’

ನನ್ನ ಉದ್ಯೋಗದಲ್ಲಿ ಇದಕ್ಕೊಂದು ಹೆಸರಿದೆ, ಲೇಬಲ್ ದೋಷ. ಸಾವಿರಾರು ಫೋಟೊಗಳಿಗೆ ಮನುಷ್ಯರು ಲೇಬಲ್ ಹಚ್ಚುತ್ತಾರೆ, ಯಂತ್ರ ಅದನ್ನು ನೋಡಿ ಕಲಿಯುತ್ತದೆ. ಲೇಬಲ್ ತಪ್ಪಿದ್ದರೆ ಯಂತ್ರ ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತದೆ. ಆಫೀಸಿನಲ್ಲಿ ಹೊಸಬರಿಗೆ ನಾನೇ ಇದನ್ನು ಪಾಠ ಮಾಡುತ್ತೇನೆ. ಇಲ್ಲಿ ಯಂತ್ರ ನನಗೆ ಹೆಸರು ಹೇಳಿತು, ನಾನು ಒತ್ತಿದೆ, ನಾನು ಒತ್ತಿದ್ದನ್ನು ನೋಡಿ ಇಬ್ಬರು ಒತ್ತಿದರು. ನಾಳೆ ಅಂಥ ಯಂತ್ರಕ್ಕೆ ಈ ಮೂವರೂ ಸಾಕ್ಷಿ. ಒಬ್ಬರೂ ಹುಳುವಿನ ಒಳಗೆ ನೋಡಿರಲಿಲ್ಲ.

ಒಂದು ಹುಳುವಿನ ಹೆಸರಿಗೆ ಇಷ್ಟೇಕೆ ಎಂದು ನೀವು ಕೇಳಬಹುದು. ವಿಯೆಟ್ನಾಂನಲ್ಲಾದರೆ ಇದೇ ಗುಂಪಿನ ಹುಳುವನ್ನು ಒಣಗಿಸಿ ಫೋ ಸಾರಿನ ರುಚಿಗೆ ಹಾಕುತ್ತಾರೆ, ಚೀನಾದ ಶಿಯಾಮೆನ್‌ನಲ್ಲಿ ಅಚ್ಚಿಗೆ ಹೊಯ್ದ ಜೆಲ್ಲಿಯಾಗಿ ತಿನ್ನುತ್ತಾರೆ. ಅಲ್ಲಿ ಅದಕ್ಕೆ ಬೆಲೆಯಿದೆ. ಇಲ್ಲಿ ಯಾರಿಗೆ ಬೇಕು? ನನಗೂ ಹಾಗೇ ಅನಿಸುತ್ತಿತ್ತು, ಎಣ್ಣೂರು ನೋಡುವ ತನಕ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದ ಬೆನ್ನಿಗೆ ಎಣ್ಣೂರು ಅಳಿವೆಗೆ ಎಣ್ಣೆ ಹರಡಿತು. ಮ್ಯಾಂಗ್ರೋವ್ ಬೇರುಗಳಿಗೆ, ದೋಣಿಗಳಿಗೆ, ಬಲೆಗಳಿಗೆ ಕಪ್ಪು ಜಿಡ್ಡು. ಮೀನುಗಾರರೇ ಬಕೆಟ್ಟಿನಲ್ಲಿ ಮೊಗೆದರು. ಪೆಲಿಕನ್‌ಗಳ ಎಣ್ಣೆ ಮೆತ್ತಿದ ರೆಕ್ಕೆಯ ಫೋಟೊ ನೀವೂ ನೋಡಿರುತ್ತೀರಿ. ಕೆಸರಿನ ಒಳಗಿದ್ದವರ ಫೋಟೊ ಯಾರೂ ತೆಗೆಯಲಿಲ್ಲ. ಕೆಸರನ್ನೇ ನುಂಗಿ ಬದುಕುವ ಜೀವಿಗೆ ಕೆಸರಿಗಿಳಿದ ಎಣ್ಣೆ ಊಟದ ಜೊತೆಗೇ ಬರುತ್ತದೆ. ಅಲ್ಲಿ ಮುಂಚೆ ಯಾವ ಹುಳುಗಳಿದ್ದವು ಎಂದು ಸರಿಯಾದ ಹೆಸರಿನಲ್ಲಿ ಬರೆದಿಟ್ಟಿದ್ದರೆ ತಾನೇ ಏನು ಹೋಯಿತು, ಯಾವುದು ಮರಳಿ ಬಂತು ಎಂದು ಹೇಳಲಾಗುವುದು? ನನ್ನ ಚುಕ್ಕೆಯಂಥ ಚುಕ್ಕೆಗಳು ನಕ್ಷೆ ತುಂಬಿದರೆ, ಇಲ್ಲದ ಹುಳು ಇದೆ ಎಂದೂ ಇದ್ದ ಹುಳು ಇರಲೇ ಇಲ್ಲ ಎಂದೂ ಆಗುತ್ತದೆ.

ಬರೆದಿಟ್ಟವರು ಇಲ್ಲದೆ ಇಲ್ಲ. ಮದ್ರಾಸ್ ಮ್ಯೂಸಿಯಂನ ಗ್ರೇವ್ಲಿ ಮತ್ತು ಸಂಗಡಿಗರು 1927ರಲ್ಲೇ ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ತೀರದ ಜೀವಿಗಳ ಬಗ್ಗೆ ದೊಡ್ಡ ಬುಲೆಟಿನ್ ತಂದರು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಬಿ.ಪಿ. ಹಾಲ್ದಾರ್ 1991ರಲ್ಲಿ ಭಾರತದ ಕರಾವಳಿಯ ಸೈಪಂಕ್ಯುಲಾಗಳ ಮೇಲೆಯೇ ಒಂದು ಗ್ರಂಥ ಬರೆದರು. ಸಾರ್ ಹತ್ತಿರ ಅದರ ಜೆರಾಕ್ಸ್ ಪ್ರತಿಯಿದೆ, ಅಂಚಿನ ತುಂಬ ಪೆನ್ಸಿಲ್ ಟಿಪ್ಪಣಿ. ಆ ಸಂಸ್ಥೆಯ ಸಾಗರ ಜೀವಶಾಸ್ತ್ರ ಕೇಂದ್ರ ಇರುವುದು ಇಲ್ಲೇ, ಸ್ಯಾಂಥೋಮ್ ಹೈರೋಡಿನಲ್ಲಿ. ಒಂಬತ್ತು ವರ್ಷದಲ್ಲಿ ಎಷ್ಟು ಸಲ ಅದರ ಮುಂದೆ ಹಾದುಹೋಗಿದ್ದೇನೋ. ನಮ್ಮ ಕಡೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಕುಮಟಾದಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ದೂರ, ಅಲ್ಲಿಗೂ ನಾನು ಕಾಲಿಟ್ಟವನಲ್ಲ.

ಆ ರಾತ್ರಿ ಆ್ಯಪ್ ತೆರೆದು ‘ಸೈಪಂಕ್ಯುಲಸ್ ನ್ಯೂಡಸ್’ ತೆಗೆದುಹಾಕಿದೆ. ಅದರ ಜಾಗದಲ್ಲಿ ಬರೀ ‘ಸೈಪಂಕ್ಯುಲಾ’ ಎಂದು ಬರೆದೆ, ಕಾರಣವನ್ನೂ ಎರಡು ಸಾಲು ಬರೆದೆ. ಒಪ್ಪಿದ್ದ ಇಬ್ಬರಲ್ಲಿ ಒಬ್ಬರು ಮರುದಿನವೇ ತಮ್ಮ ಒಪ್ಪಿಗೆ ಹಿಂತೆಗೆದುಕೊಂಡರು. ಕೆಲವು ವಾರಗಳಲ್ಲಿ ನಕ್ಷೆಯ ಚುಕ್ಕೆ ಮಾಯವಾಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ: ನೀನು ಅಂದದ್ದೇ ಸರಿ, ಸದ್ಯಕ್ಕೆ ಅದು ಹುಳ ಅಷ್ಟೇ. ಅವರು ಅದನ್ನು ಮರೆತೇ ಬಿಟ್ಟಿದ್ದರು. ಆದರೆ ಮಾತಿಗೆ ಮಾತು ಬಂದು, ಅಘನಾಶಿನಿಯಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಕೆಸರಲ್ಲಿ ಅಂಥವು ಸಿಗುವುದುಂಟು, ಮುಟ್ಟಿದರೆ ಮುದುಡಿಕೊಳ್ಳುತ್ತವೆ, ಅವರು ಅದಕ್ಕೆ ಏನೋ ಅನ್ನುತ್ತಾರೆ, ಕೇಳಿ ಹೇಳುತ್ತೇನೆ ಎಂದರು. ಅಂಥದೊಂದು ಹೆಸರು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಇಲ್ಲಿ ಹುಳು ಅಗೆಯುವವರು ‘ಪುಳು’ ಅನ್ನುತ್ತಾರೆ. ಹಳಗನ್ನಡದಲ್ಲಿ ನಮ್ಮದೂ ಪಕಾರವೇ, ಆಮೇಲೆ ಹಕಾರವಾದದ್ದು. ಈ ಹೆಸರಿನ ವಿಷಯದಲ್ಲಿ ಮಾತ್ರ ಎರಡು ಕರಾವಳಿಗೂ ತಕರಾರಿಲ್ಲ.

ತೆರೆದ ಹುಳು ಈಗ ಎಪ್ಪತ್ತು ಭಾಗ ಆಲ್ಕೋಹಾಲಿನ ಬಾಟಲಿಯಲ್ಲಿದೆ. ಚೀಟಿ ಬರೆದದ್ದು ಮಗಳು, ಪೆನ್ಸಿಲಿನಲ್ಲಿ, ಏಕೆಂದರೆ ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಜಾಗ, ದಿನಾಂಕ, ನೀರಿಳಿದಾಗ ಎಷ್ಟು ಆಳದಲ್ಲಿತ್ತು, ಎಂಥ ಮರಳು, ಅಗೆದವರು ಯಾರು, ತೆರೆದವರು ಯಾರು. ಹೆಸರಿನ ಸಾಲಿನಲ್ಲಿ ಸೈಫನೊಸೋಮಾ, ಮುಂದೆ ಖಾಲಿ. ಜಾತಿ ಯಾವುದೆಂದು ಬಲ್ಲವರು ನೋಡಿ ಹೇಳಲಿ ಎಂದು ಸ್ಯಾಂಥೋಮ್‌ಗೆ ಒಯ್ಯುವುದಿದೆ. ಬರುವ ಗುರುವಾರಕ್ಕೆ ಅರ್ಧ ದಿನ ರಜೆ ಹಾಕಿದ್ದೇನೆ. ಸಾರ್ ನಿನ್ನೆ ಫೋನ್ ಮಾಡಿ ಮತ್ತೆ ಹೇಳಿದರು, ಬಾಟಲಿ ನೆಟ್ಟಗೆ ಹಿಡಿದುಕೊಂಡು ಬಾ, ಆಟೋದಲ್ಲಿ ಕುಲುಕಬೇಡ ಎಂದು.